ತೇದು ಕೊಟ್ಟ ಗುಳಿಗಿ

‘ನಿಷ್ಕ್ರಿಯ’ ಎಂಬ ಪದ ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ಹೋದ ತಿಂಗಳು ಕೊಪ್ಪಳದಲ್ಲಿ ನಮ್ಮಂಥ ಸರಕಾರಿ ದವಾಖಾನೆಯ ಫಾರ್ಮಸಿಸ್ಟರಿಗೆಲ್ಲ ಒಂದು ತರಬೇತಿ ಇತ್ತು. ಪಾಠ ಮಾಡಲು ಬಂದ ಸಾಹೇಬರು ಪರದೆಯ ಮೇಲೆ ಒಂದು ಗುಳಿಗೆಯ ಚಿತ್ರ ಹಾಕಿ, ನಡುವೆ ಬೆರಳಿಟ್ಟು, ಇದು ಔಷಧ, ಉಳಿದದ್ದೆಲ್ಲ ನಿಷ್ಕ್ರಿಯ ಪದಾರ್ಥ, ಅದರ ಬಗ್ಗೆ ಹೇಳುವಂಥದ್ದೇನಿಲ್ಲ ಎಂದು ಮುಂದಿನ ಚಿತ್ರಕ್ಕೆ ಹಾರಿದರು. ನಾನು ಕೈ ಎತ್ತಿದೆ. ಊಟ ಆದ ಮೇಲೆ ಕೇಳಿ ಎಂದರು. ಊಟ ಆದ ಮೇಲೆ ಅವರೇ ಇರಲಿಲ್ಲ.

ಸಿಟ್ಟು ನುಂಗಿಕೊಂಡು ಗಂಗಾವತಿಯ ಬಸ್ಸು ಹತ್ತಿದೆ. ತಂಗಿಯ ಮನೆಗೆ ಹೋಗಬೇಕಾಗಿತ್ತು. ಊರು ಇನ್ನೂ ದೂರ ಇರುವಾಗಲೇ ಕಿಟಕಿಯಿಂದ ಭತ್ತ ಬೇಯಿಸುವ ವಾಸನೆ ಬಂತು. ಆ ವಾಸನೆ ಗೊತ್ತಿಲ್ಲದವರಿಗೆ ಹೇಳುವುದು ಕಷ್ಟ. ಅನ್ನದ ವಾಸನೆಯೂ ಹೌದು, ಒದ್ದೆ ಗೋಣಿಚೀಲದ ವಾಸನೆಯೂ ಹೌದು, ಸ್ವಲ್ಪ ಹುಳಿ. ಅದು ಮೂಗಿಗೆ ಬಡಿದದ್ದೇ, ಆ ಒಂದು ಸುಗ್ಗಿ ಹಾಗೇ ಎದ್ದು ಬಂತು.

ನಾನು ಯಲಬುರ್ಗಾ ಕಡೆಯ ಮಂಗಳೂರಿನವಳು. ಸಮುದ್ರದ ಮಂಗಳೂರಲ್ಲ, ಜೋಳದ ಮಂಗಳೂರು. ಇದನ್ನು ಹೇಳಿ ಹೇಳಿ ನನ್ನ ನಾಲಿಗೆ ಸವೆದಿದೆ. ಕೊರೊನಾ ಗದ್ದಲವೆಲ್ಲ ಮುಗಿದ ಮೇಲೆ, ನನ್ನ ಮೊದಲ ನೌಕರಿ ಗಂಗಾವತಿಯ ಆಚೆ, ಕಾಲುವೆ ದಂಡೆಯ ಒಂದು ಊರಿನಲ್ಲಿ ಸಿಕ್ಕಿತು. ಊರ ಹೆಸರು ಬೇಡ. ಹೇಳಿದರೆ ಯಾರ್ಯಾರೋ ಬಂದು ನಮ್ಮ ಮನೆ ಬಾಗಿಲಲ್ಲಿ ನಿಲ್ಲುತ್ತಾರೆ. ಕರಿಮಣ್ಣಿನ ಒಣ ಹೊಲ ನೋಡಿ ಬೆಳೆದವಳಿಗೆ ಅಲ್ಲಿಯ ಹಸಿರು ಕಣ್ಣು ಕುಕ್ಕುತ್ತಿತ್ತು. ಎಲ್ಲಿ ನೋಡಿದರೂ ನೀರು, ಭತ್ತ, ಅಕ್ಕಿ ಗಿರಣಿಯ ಚಿಮಣಿ. ಜನರ ಬಾಯಲ್ಲಿ ಅರ್ಧ ತೆಲುಗು. ಸುಗ್ಗಿ ಶುರುವಾಯಿತೆಂದರೆ ಗಿರಣಿಗಳು ಹಗಲೂ ರಾತ್ರಿ ಓಡುತ್ತಿದ್ದವು. ತೌಡಿನ ದೂಳು ಗಾಳಿಯಲ್ಲೇ ನಿಂತಿರುತ್ತಿತ್ತು. ಒಗೆದು ಹಾಕಿದ ಬಿಳಿ ಕೋಟು ಸಂಜೆಗೆ ಗೋಧಿ ಬಣ್ಣ.

ಆ ದೂಳು ನಮ್ಮ ದವಾಖಾನೆಗೆ ದಮ್ಮಿನ ರೋಗಿಗಳನ್ನು ಕಳಿಸುತ್ತಿತ್ತು. ಹೆಚ್ಚಿನವರು ಗಿರಣಿಯ ಅಂಗಳದಲ್ಲಿ ಬೆಂದ ಭತ್ತ ಹರಡಿ, ಕಾಲಾಡಿಸಿ ಒಣಗಿಸುವ ಹೆಂಗಸರು. ಅವರಲ್ಲೊಬ್ಬಳು ಹುಲಿಗೆವ್ವ. ಕಡ್ಡಿಯಂಥ ಮೈ, ಗಂಟಲು ಮಾತ್ರ ಇಡೀ ಓಣಿಗೆ ಕೇಳುವಂಥದ್ದು. ಸಾಲಿನಲ್ಲಿ ನಿಲ್ಲುವುದೆಂದರೆ ಅವಳಿಗೆ ಆಗದು. ನೇರ ನನ್ನ ಕಿಟಕಿಗೆ ಬಂದು, ‘ಗುಳಿಗಿ ಮೇಡಂ, ಮೊದ್ಲ ನಂದು ನೋಡ್ರಿ, ಇವ್ರು ಇನ್ನೂ ಬದುಕ್ತಾರ’ ಎನ್ನುತ್ತಿದ್ದಳು. ಅವಳ ಮಗ ಯಮನೂರಪ್ಪ ಅದೇ ಗಿರಣಿಯಲ್ಲಿ ಹಮಾಲಿ. ಸೊಸೆ ರೇಣವ್ವ ಇರಕಲ್ಲಗಡದ ಹುಡುಗಿ, ಚೊಚ್ಚಲ ಬಾಣಂತನ ಮುಗಿಸಿ ತವರಿನಿಂದ ಆಗಷ್ಟೇ ಬಂದಿದ್ದಳು. ಅತ್ತೆ ಸೊಸೆಗೆ ದಿನಾ ಒಂದು ಜಗಳ ಇರಲೇಬೇಕು. ನೀರಿನ ಕೊಡಕ್ಕೆ, ಕೂಸಿನ ಟೊಪ್ಪಿಗೆಗೆ, ಸಾರಿನ ಉಪ್ಪಿಗೆ. ಸಂಜೆ ಇಬ್ಬರೂ ಒಂದೇ ತಟ್ಟೆಯಲ್ಲಿ ಮಂಡಕ್ಕಿ ತಿನ್ನುವುದನ್ನೂ ನಾನು ಕಂಡಿದ್ದೇನೆ.

ಆ ವರ್ಷ ನಮ್ಮಲ್ಲಿಗೆ ದಮ್ಮಿನ ಹೊಸ ಗುಳಿಗೆ ಬಂತು. ಮುಂಜಾನೆ ಒಂದು ನುಂಗಿದರೆ ಇಡೀ ದಿನ ಸ್ವಲ್ಪ ಸ್ವಲ್ಪವೇ ಔಷಧ ಬಿಡುತ್ತಾ ಹೋಗುವಂಥದ್ದು. ಇದನ್ನು ಇಲ್ಲಿ ಸರಿಯಾಗಿ ಹೇಳಬೇಕು, ಯಾಕೆಂದರೆ ನನ್ನ ಸಿಟ್ಟೆಲ್ಲ ಇರುವುದು ಇದರಲ್ಲೇ. ಆ ಗುಳಿಗೆಯಲ್ಲಿ ಔಷಧದ ಜೊತೆ ಒಂದು ಅಂಟಿನ ಹಿಟ್ಟು ಇರುತ್ತದೆ. ನೀರು ತಾಗಿದೊಡನೆ ಹಿಟ್ಟು ಉಬ್ಬಿ ಲೋಳೆಯಾಗಿ ಗುಳಿಗೆಯ ಸುತ್ತ ಕವಚ ಕಟ್ಟುತ್ತದೆ. ಔಷಧ ಆ ಲೋಳೆಯನ್ನು ದಾಟಿಕೊಂಡು ನಿಧಾನಕ್ಕೆ ಹೊರಗೆ ಬರಬೇಕು. ಕಾಲೇಜಿನ ಕೊನೆಯ ವರ್ಷ ನಾನು ಇದನ್ನೇ ಮಾಡಿದ್ದೆ, ಚವಳಿಕಾಯಿಯ ಬೀಜದ ಅಂಟು ಹಾಕಿ. ಪಲ್ಯ ಮಾಡುವ ಅದೇ ಚವಳಿಕಾಯಿ, ಕೆಲವರು ಗೋರಿಕಾಯಿ ಎನ್ನುವುದು. ಔಷಧ ಅದೇ, ಅದರ ತೂಕವೂ ಅದೇ. ಅಂಟು ಕಡಿಮೆ ಹಾಕಿದ್ದು ಬೇಗ ಕರಗಿ ಮುಗಿದುಹೋಯಿತು. ಅಂಟು ಹೆಚ್ಚಾದದ್ದು ಸಂಜೆಯಾದರೂ ಔಷಧ ಬಿಡಲೊಲ್ಲದು. ಯಂತ್ರಕ್ಕೆ ಹತ್ತಬಾರದೆಂದು ಹಾಕುವ ಜಾರುಪುಡಿ ಒಂದು ಚಿಟಿಕೆ ಜಾಸ್ತಿಯಾದರೆ ನೀರೇ ಒಳಗೆ ಇಳಿಯುತ್ತಿರಲಿಲ್ಲ. ಗುಳಿಗೆಗೆ ಮೈ ಬರಲೆಂದು ಸೇರಿಸುವ ಸಕ್ಕರೆಯಂಥ ಪುಡಿಯನ್ನು ಬದಲಿಸಿದರೂ ಲೆಕ್ಕವೆಲ್ಲ ಅಡಿಮೇಲು. ಔಷಧವನ್ನು ಯಾವಾಗ ಬಿಡಬೇಕು, ಎಷ್ಟು ಬಿಡಬೇಕು ಎಂದು ತೀರ್ಮಾನಿಸುವ ಈ ಪದಾರ್ಥಗಳಿಗೆ ಪುಸ್ತಕ ಕೊಟ್ಟ ಹೆಸರು ‘ನಿಷ್ಕ್ರಿಯ’. ಏನೂ ಮಾಡದವು! ಹೆಸರಿಟ್ಟವರ ಕೈಗೆ ಆ ಗುಳಿಗೆಗಳನ್ನು ಕೊಟ್ಟು, ಜಗಿದು ತಿನ್ನಿ ನೋಡೋಣ ಎನ್ನಬೇಕು ಅನ್ನಿಸುತ್ತದೆ.

ಔಷಧವೆಲ್ಲ ಇಳಿದುಹೋದ ಮೇಲೆ, ಅಕ್ಕಿ ಹೋಗಿ ಹೊಟ್ಟು ಉಳಿಯುವಂತೆ, ಖಾಲಿ ಗುಳಿಗೆ ಕೆಲವೊಮ್ಮೆ ಹೊಟ್ಟೆಯಿಂದ ಹಾಗೇ ಹೊರಗೆ ಬೀಳುತ್ತದೆ. ನೋಡಿದವರಿಗೆ ಇಡೀ ಗುಳಿಗೆಯೇ ಬಿದ್ದಂತೆ ಕಾಣುತ್ತದೆ. ಬಯಲಿಗೆ ಹೋದಲ್ಲಿ ಹುಲಿಗೆವ್ವ ಅದನ್ನು ಕಂಡಳು. ಅವಳ ಗೆಳತಿಯರೂ ಕಂಡರು. ಗಿರಣಿಯ ಅಂಗಳದಲ್ಲಿ ಅದೇ ಮಾತಾಯಿತು: ಸರಕಾರದ ಗುಳಿಗೆ ಕರಗುವುದೇ ಇಲ್ಲ, ಪ್ಲಾಸ್ಟಿಕ್ಕಿನದು ಕೊಟ್ಟಿದ್ದಾರೆ. ಹುಲಿಗೆವ್ವ ಸುಮ್ಮನಿರುವ ಹೆಣ್ಣೇ? ಬಿದ್ದದ್ದನ್ನು ತೊಳೆದು, ಎಲೆಯಲ್ಲಿ ಸುತ್ತಿಕೊಂಡು ದವಾಖಾನೆಗೆ ಬಂದಳು.

ಅವತ್ತು ನಾನು ಪೋಲಿಯೊ ಹನಿ ಹಾಕುವ ಕೆಲಸಕ್ಕೆ ಆನೆಗೊಂದಿ ಕಡೆ ಹೋಗಿದ್ದೆ. ಅವಳು ನೇರ ಡಾಕ್ಟರ ಮೇಜಿನ ಮೇಲೆ ಎಲೆ ಬಿಚ್ಚಿಟ್ಟಳಂತೆ. ಡಾಕ್ಟರು ಕುರ್ಚಿ ಹಿಂದಕ್ಕೆ ಸರಿಸಿ ನಕ್ಕರಂತೆ. ನಿಂದ ನೀನ ಯಾಕ ಕೆದರಿ ನೋಡ್ತಿ ಎಂದು ಕೇಳಿದರಂತೆ. ಹೊರಗೆ ಕೂತ ರೋಗಿಗಳೂ ನಕ್ಕರಂತೆ. ಅವಳು ಎಲೆ ಸುತ್ತಿಕೊಂಡು ಎದ್ದು ಹೋದಳು. ಆ ಮುದುಕಿ ಮಾಡಿದ್ದು ನಗುವಂಥ ಕೆಲಸವಾಗಿತ್ತೇ? ಕೊಟ್ಟ ಗುಳಿಗೆ ಏನಾಯಿತೆಂದು ಕಣ್ಣಾರೆ ನೋಡಿ, ತೊಳೆದು ತಂದು ತೋರಿಸಿದ್ದಳು. ಓದಿದವರು ಹಾಗೆ ಮಾಡಿದ್ದರೆ ಅದನ್ನು ಪರೀಕ್ಷೆ ಎನ್ನುತ್ತಿದ್ದರು. ಅವಳು ಕೇಳಿದ್ದಕ್ಕೆ ಒಂದೇ ಮಾತಿನ ಉತ್ತರ ಸಾಕಾಗಿತ್ತು, ಅದನ್ನು ಯಾರೂ ಕೊಡಲಿಲ್ಲ. ಗುಳಿಗೆ ಕೊಡುವಾಗ ನಾನೂ ಮುಂಜಾನಿ ಒಂದು ನುಂಗ್ರಿ ಎಂದಷ್ಟೇ ಹೇಳಿದ್ದೆ. ಜಗಿಯಬಾರದು, ಪುಡಿ ಮಾಡಬಾರದು ಎಂದು ಗುಳಿಗೆಯ ಹಾಳೆಯ ಹಿಂದೆ ಬರೆದಿತ್ತು, ನಿಜ. ಬರೆದದ್ದು ಇಂಗ್ಲಿಷಿನಲ್ಲಿ, ಇರುವೆಯ ಕಾಲಿನಷ್ಟು ಸಣ್ಣ ಅಕ್ಷರದಲ್ಲಿ. ಗುಳಿಗೆ ನುಂಗುವುದು ಕನ್ನಡದ ಹೊಟ್ಟೆ, ಎಚ್ಚರಿಕೆ ಮಾತ್ರ ಇಂಗ್ಲಿಷಿನಲ್ಲಿ.

ಮನೆಗೆ ಬಂದು ಹುಲಿಗೆವ್ವ ಸೊಸೆಯ ಮುಂದೆ ಎಲ್ಲವನ್ನೂ ತೋಡಿಕೊಂಡಳು. ರೇಣವ್ವನ ಕೈಯಲ್ಲಿ ಆಗ ದಿನವೂ ಸಾಣಿಕಲ್ಲು ಇರುತ್ತಿತ್ತು. ಕೂಸಿಗೆ ಬಜೆ, ಜಾಜಿಕಾಯಿ, ಅಳಲೆಕಾಯಿ ತೇದು ಜೇನಿನಲ್ಲಿ ನೆಕ್ಕಿಸುವ ದಿನಗಳು. ಹೊಟ್ಟೆಗೆ ಹೋಗುವಂಥದ್ದನ್ನು ತೇದು ಕೊಟ್ಟರೇ ಮೈಗೆ ಹತ್ತುತ್ತದೆ ಎಂದು ಅವಳ ಅವ್ವ ಹೇಳಿಕೊಟ್ಟಿದ್ದಳು, ಅವಳವ್ವನಿಗೆ ಅವಳವ್ವ. ಮರುದಿನ ಮುಂಜಾನೆ ಕೂಸಿನದು ಮುಗಿದ ಮೇಲೆ ಅದೇ ಕಲ್ಲನ್ನು ತೊಳೆದು, ಅತ್ತೆಯ ಗುಳಿಗೆಯನ್ನು ಅದರ ಮೇಲಿಟ್ಟು, ಚೂರೂ ಬಿಡದಂತೆ ನುಣ್ಣಗೆ ತೇದಳು. ಜೇನು ಬೆರೆಸಿ ಅತ್ತೆಗೆ ನೆಕ್ಕಿಸಿದಳು. ಕಹಿಯೆಂದು ಅತ್ತೆ ಮುಖ ಹಿಂಡಿದಾಗ ಬಾಯಿಗೆ ಒಂದು ಬೆಲ್ಲದ ಚೂರು ಹಾಕಿದಳು.

ಇಡೀ ದಿನಕ್ಕೆಂದು ಇಟ್ಟಿದ್ದ ಔಷಧ ಆ ಕಡ್ಡಿಯಂಥ ಮೈಗೆ ಒಮ್ಮೆಲೇ ಇಳಿಯಿತು. ದಮ್ಮಿನ ಈ ಔಷಧದಲ್ಲಿ ಸಾಕು ಎನ್ನುವುದಕ್ಕೂ ಹೆಚ್ಚಾಯಿತು ಎನ್ನುವುದಕ್ಕೂ ನಡುವೆ ಬಹಳ ಜಾಗವಿಲ್ಲ. ಗಿರಣಿಯ ಅಂಗಳದಲ್ಲಿ ಭತ್ತದಲ್ಲಿ ಕಾಲಾಡಿಸುತ್ತಿದ್ದವಳಿಗೆ ಕೈ ನಡುಗತೊಡಗಿತು. ವಾಂತಿಯಾಯಿತು. ಎದೆಬಡಿತ ಓಡತೊಡಗಿ, ಅಲ್ಲೇ ಭತ್ತದ ಮೇಲೆ ಬಿದ್ದಳು. ಯಮನೂರಪ್ಪ ಹೆಗಲ ಮೇಲಿನ ಚೀಲ ಎಸೆದು ಓಡಿ ಬಂದ. ನಮ್ಮಲ್ಲಿಗೆ ತಂದಾಗ ಆಂಬುಲೆನ್ಸು ಕರೆಸಿ ಕೊಪ್ಪಳದ ದೊಡ್ಡ ದವಾಖಾನೆಗೆ ಕಳಿಸಿದೆವು.

ಅಲ್ಲಿಯ ಡಾಕ್ಟರುಗಳು ಚೆನ್ನಾಗಿ ನೋಡಿಕೊಂಡರು. ಅವರ ಮೇಲೆ ನನ್ನದೇನೂ ದೂರಿಲ್ಲ. ಆದರೆ ಅವರಲ್ಲೊಬ್ಬರು ಯಮನೂರಪ್ಪನಿಗೆ, ‘ಹೊಟ್ಯಾಗ ಔಷಧಿ ಜಾಸ್ತಿ ಆಗೈತಿ’ ಎಂದರು. ಬೇರೆ ಕಡೆಯವರಾದರೆ ಇದಕ್ಕೆ ಬೆಚ್ಚಿಬೀಳುತ್ತಿರಲಿಲ್ಲ. ನಮ್ಮ ಕಾಲುವೆ ಸೀಮೆಯಲ್ಲಿ ರೋಗಕ್ಕೆ ತೆಗೆದುಕೊಳ್ಳುವುದು ಗುಳಿಗಿ, ಸೂಜಿ, ಟಾನಿಕ್ಕು. ‘ಔಷಧಿ’ ಎಂದರೆ ಭತ್ತದ ಹುಳಕ್ಕೆ ಹೊಡೆಯುವ ವಿಷ. ಔಷಧಿ ಹೊಡ್ಯಾಕ ಹೋಗ್ಯಾನ ಎಂದರೆ ಬೆನ್ನಿಗೆ ಪಂಪು ಕಟ್ಟಿಕೊಂಡು ಗದ್ದೆಗೆ ಹೋಗಿದ್ದಾನೆ ಎಂದರ್ಥ. ಔಷಧಿ ಕುಡಿದಳು ಎಂದರೆ ಇನ್ನೇನೂ ಕೇಳುವಂತಿಲ್ಲ. ತಾಯಿಯ ಹೊಟ್ಟೆಯಲ್ಲಿ ಔಷಧಿ ಎಂದು ಕೇಳಿದ ಯಮನೂರಪ್ಪನ ಕಣ್ಣಿಗೆ ಆ ಮುಂಜಾನೆ ಹೆಂಡತಿ ತೇಯುತ್ತಾ ಕೂತದ್ದು ಬಂತು.

ಆದರೂ ಅವನು ದುಡುಕಲಿಲ್ಲ, ಅದನ್ನು ಹೇಳಲೇಬೇಕು. ಊರಿಗೆ ಬಂದು ನಮ್ಮ ಡಾಕ್ಟರನ್ನೇ ಕೇಳಿದ. ಗುಳಿಗಿ ತೇದು ಕೊಟ್ಟರ ಮನಶ್ಯಾ ಬೀಳ್ತಾನೇನ್ರಿ ಎಂದ. ಡಾಕ್ಟರು ತಲೆಯೆತ್ತದೆ ಹೇಳಿದರು, ‘ನುಂಗಿದ್ರೂ ಅಷ್ಟ, ತೇದ್ರೂ ಅಷ್ಟಪಾ. ಔಷಧ ಇದ್ದಷ್ಟ ಇರ್ತದ. ಉಳಿದಿದ್ದೆಲ್ಲಾ ನಿಷ್ಕ್ರಿಯ, ಅದ್ರಿಂದ ಏನೂ ಆಗೂದಿಲ್ಲ.’

ಏನೂ ಆಗುವುದಿಲ್ಲ. ಗುಳಿಗೆಯಿಂದ ಆಗಿಲ್ಲವೆಂದರೆ ಇನ್ನು ಯಾವುದರಿಂದ ಆಯಿತು? ಯಮನೂರಪ್ಪನಿಗೆ ಬೇರೆ ದಾರಿಯೇ ಉಳಿಯಲಿಲ್ಲ. ಒಂದು ಕಡೆ ‘ಔಷಧಿ’, ಇನ್ನೊಂದು ಕಡೆ ‘ನಿಷ್ಕ್ರಿಯ’, ಎರಡರ ನಡುವೆ ರೇಣವ್ವ ಸಿಕ್ಕಿಬಿದ್ದಳು. ಓಣಿಯವರಿಗೆ ಕೊಡದ ಜಗಳ, ಟೊಪ್ಪಿಗೆಯ ಜಗಳ ಎಲ್ಲ ಒಂದೊಂದಾಗಿ ನೆನಪಾದವು. ಜೇನಿನೊಳಗ ಬೆರಸ್ಯಾಳ ಎಂದು ಒಬ್ಬಳು ಅಂದಳು. ಸಂಜೆಯೊಳಗೆ ಅದು ಕಣ್ಣಾರೆ ಕಂಡವರ ಮಾತಾಗಿತ್ತು. ಯಮನೂರಪ್ಪ ಹೆಂಡತಿಯನ್ನು ಹೊಡೆಯಲಿಲ್ಲ, ಬೈಯಲೂ ಇಲ್ಲ. ಕೂಸನ್ನು ಅವಳ ಬಗಲಿಗೆ ಕೊಟ್ಟು, ಇರಕಲ್ಲಗಡದ ಬಸ್ಸು ಹತ್ತಿಸಿ, ಅವ್ವಗ ಏನರ ಆದ್ರ ಪೊಲೀಸರು ನಿಮ್ಮ ಮನಿಗೇ ಬರ್ತಾರ ಎಂದು ಹೇಳಿ ಕಳಿಸಿದ.

ಇದು ನನಗೆ ತಿಳಿದದ್ದು ಮರುದಿನ, ಕಿಟಕಿಯ ಮುಂದೆ ನಿಂತ ಹೆಂಗಸರ ಬಾಯಿಂದ. ಕೈಯಲ್ಲಿದ್ದ ಗುಳಿಗೆಗಳನ್ನು ಅಲ್ಲೇ ಬಿಟ್ಟು ಡಾಕ್ಟರ ಕೋಣೆಗೆ ಹೋದೆ. ಸರ್, ಇದು ತೇಯೋ ಗುಳಿಗಿ ಅಲ್ಲ, ತೇದಿದ್ದಕ್ಕ ಹಿಂಗಾಗೈತಿ, ಯಮನೂರಪ್ಪನ್ನ ಕರಸಿ ಒಂದ ಮಾತು ಹೇಳ್ರಿ ಎಂದು ಬೇಡಿಕೊಂಡೆ. ಕವಚದ ಕತೆಯನ್ನೂ ಹೇಳಿದೆ. ಅವರಿಗೆ ತಿಳಿಯದ್ದೇನಲ್ಲ. ನೆನಪು ಬಂದದ್ದು ಅವರ ಮುಖದಲ್ಲೇ ಕಂಡಿತು. ಆದರೆ ಒಮ್ಮೆ ಹಾಗೆ ಹೇಳಿ, ಈಗ ಹೀಗೆ ಹೇಳಿದರೆ ಜನ ಏನಂದಾರು? ‘ಮನಿ ಜಗಳದಾಗ ದವಾಖಾನಿ ಯಾಕ ಬರಬೇಕ್ರಿ’ ಎಂದರು. ‘ನೀವು ಗುಳಿಗಿ ಎಣಿಸಿ ಕೊಡ್ರಿ, ಸಾಕು.’ ಅವರು ಕೆಟ್ಟ ಮನುಷ್ಯರಾಗಿದ್ದರೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ರಾತ್ರಿ ಹೆರಿಗೆ ಬಂದರೆ ಎದ್ದು ಬರುತ್ತಿದ್ದರು, ಬಡವರಿಗೆ ಬೇಸರಿಸುತ್ತಿರಲಿಲ್ಲ. ಒಂದು ಮಾತು ಹಿಂದಕ್ಕೆ ತೆಗೆದುಕೊಳ್ಳುವುದು ಮಾತ್ರ ಆಗಲಿಲ್ಲ. ಅವರ ಆ ಒಂದು ಮಾತಿನ ಭಾರ ಎದೆಹಾಲು ಕುಡಿಯುವ ಕೂಸನ್ನು ಕಟ್ಟಿಕೊಂಡ ಹುಡುಗಿಯ ತಲೆಯ ಮೇಲಿತ್ತು.

ನಾನು ಎಣಿಸಿ ಕೊಡುವ ಕೆಲಸ ಮುಗಿಸಿ ಗಿರಣಿಗೆ ಹೋದೆ. ಗೇಟಿನ ಎದುರಿನ ಚಹಾದಂಗಡಿಯಲ್ಲಿ ಎರಡು ಗಾಜಿನ ಲೋಟ ಇಸಿದುಕೊಂಡು ಉಗುರುಬೆಚ್ಚಗಿನ ನೀರು ಹಾಕಿಸಿದೆ. ಯಮನೂರಪ್ಪನನ್ನು ಕರೆಸಿದೆ. ಹಮಾಲರೆಲ್ಲ ಸುತ್ತ ನಿಂತರು, ಗಾರುಡಿ ಆಟ ಎಂದುಕೊಂಡಿರಬೇಕು. ಅವನ ಕೈಗೇ ಎರಡು ಗುಳಿಗೆ ಕೊಟ್ಟೆ. ಒಂದನ್ನು ಇಡಿಯಾಗಿ ಒಂದು ಲೋಟಕ್ಕೆ ಹಾಕಿಸಿದೆ. ಇನ್ನೊಂದನ್ನು ಅವನೇ ಚಮಚೆಯ ಬೆನ್ನಿನಿಂದ ನುಣ್ಣಗೆ ಅರೆದು ಎರಡನೆಯದಕ್ಕೆ ಹಾಕಿ ಕದಡಿದ. ಎಲ್ಲರಿಗೂ ಚಹಾ ಹೇಳಿದೆ. ಚಹಾ ಮುಗಿಯುವ ಹೊತ್ತಿಗೆ ಇಡೀ ಗುಳಿಗೆ ನೆನೆದ ಸಾಬೂದಾಣಿಯಂತೆ ಮೈತುಂಬ ಲೋಳೆ ಹೊದ್ದು ತಳದಲ್ಲಿ ಕೂತಿತ್ತು. ಇನ್ನೊಂದು ಲೋಟದ ನೀರು ಕದಡಿ ಬೆಳ್ಳಗಾಗಿತ್ತು. ಬೆರಳು ಅದ್ದಿ ನಾಲಿಗೆಗೆ ಹಚ್ಚಿಕೋ ಎಂದೆ. ಮೊದಲನೆಯದಕ್ಕೆ, ಬರೇ ನೀರು ಎಂದ. ಎರಡನೆಯದನ್ನು ಹಚ್ಚಿಕೊಂಡು ಥೂ ಎಂದು ಉಗುಳಿದ.

‘ನಿಮ್ಮವ್ವ ಅವತ್ತು ಕಹಿ ಅಂದಳಂತಲ್ಲ, ಇದ ಕಹಿ’ ಎಂದೆ. ‘ಇಡೀ ದಿನದ್ದು ಒಮ್ಮೇಕ ಹೊಟ್ಟಿಗೆ ಹೋತು. ನಿನ್ನ ಹೆಂಡ್ತಿ ಏನೂ ಬೆರಸಿಲ್ಲ ಯಮನೂರಪ್ಪ. ಕೂಸಿಗೆ ತೇದಂಗ ತೇದು ಕೊಟ್ಟಾಳ.’

ಅವನು ಎರಡೂ ಲೋಟ ಎತ್ತಿ ಬೆಳಕಿಗೆ ಹಿಡಿದು ನೋಡಿದ. ತಿಳಿಯಿತು, ಅದರಲ್ಲಿ ಅನುಮಾನವಿಲ್ಲ. ನಂತರ ಅವನು ಆಡಿದ ಮಾತು ಕೇಳಿ ಆ ಲೋಟದ ನೀರನ್ನು ಅವನ ಮೇಲೇ ಸುರಿಯಬೇಕು ಅನ್ನಿಸಿತು. ಈಗ ತಾನಾಗಿ ಹೋಗಿ ಕರೆದರೆ ಬೀಗರ ಮುಂದೆ ಮುಖ ಸಣ್ಣದಾಗುತ್ತದಂತೆ. ಒಂದಿಷ್ಟು ದಿನ ಹೋಗಲಿ, ಹಿರಿಯರ ಕೈಲಿ ಮಾತಾಡಿಸಿದರಾಯಿತಂತೆ. ಕಳಿಸುವಾಗ ಯಾವ ಹಿರಿಯರನ್ನೂ ಕೇಳಿರಲಿಲ್ಲ. ಸುತ್ತ ನಿಂತ ಹಮಾಲರು ತಲೆಯಾಡಿಸಿದರು, ಗಂಡಸರು.

ಹುಲಿಗೆವ್ವನಿಗೆ ಇದೆಲ್ಲ ತಿಳಿದದ್ದು ಚೇತರಿಸಿಕೊಂಡ ಮೇಲೆ. ಸೊಸೆ ಯಾಕೆ ನೋಡಲು ಬರಲಿಲ್ಲ ಎಂದು ಮಗನನ್ನು ಕೇಳಿದರೆ ಕೂಸಿಗೆ ನೆಗಡಿ ಎಂದಿದ್ದನಂತೆ. ಒಂದು ಭಾನುವಾರ ನಾನು ನೋಡಲು ಹೋದಾಗ ನಿಜ ಹೇಳಿದೆ. ಮಾರನೆಯ ವಾರ ಅವಳನ್ನು ಮನೆಗೆ ಬಿಡುವ ದಿನ, ಮಗ ಸುಗ್ಗಿಯ ಕೆಲಸವೆಂದು ಬರಲಾಗದೆ ನನಗೇ ಕರೆತರಲು ಹೇಳಿದ್ದ. ದವಾಖಾನೆಯ ಮೆಟ್ಟಿಲಿಳಿದವಳೇ ಹುಲಿಗೆವ್ವ, ಇರಕಲ್ಲಗಡದ ಬಸ್ಸು ಯಾವುದು ಎಂದು ಕೇಳಿದಳು. ಬೇಡವೆಂದೆ. ನನ್ನ ಮಾತು ಅವಳು ಯಾವತ್ತೂ ಕೇಳಿದವಳಲ್ಲ.

ರೇಣವ್ವ ಅಂಗಳದಲ್ಲಿ ಕೂಸಿಗೆ ಎಣ್ಣೆ ಹಚ್ಚುತ್ತಿದ್ದಳು. ಅತ್ತೆಯನ್ನು ಕಂಡು ಎದ್ದಳು, ಚಾಪೆ ಹಾಸಿದಳು, ನೀರು ತಂದಿಟ್ಟಳು. ಅವಳ ಅಣ್ಣಂದಿರು ಕಟ್ಟೆಯ ಮೇಲೆ ಕೈಕಟ್ಟಿ ನಿಂತರು. ನಡಿ ಮನಿಗೆ ಎಂದು ಅತ್ತೆ ಕರೆದಳು. ರೇಣವ್ವ ನೆಲ ನೋಡುತ್ತಾ, ಕಳಿಸಿದವರು ಬಂದು ಕರೆಯಲಿ ಎಂದಷ್ಟೇ ಹೇಳಿದಳು. ನನಗೆ ಒಳಗೊಳಗೇ ಸಂತೋಷವಾಯಿತು.

ನಮ್ಮ ಕಡೆ ಹೆಣ್ಣು ಕೊಟ್ಟವರ ಮನೆಯಲ್ಲಿ ಬೀಗಿತ್ತಿ ಸುಮ್ಮಸುಮ್ಮನೆ ರಾತ್ರಿ ವಸ್ತಿ ಇರುವುದಿಲ್ಲ. ಇದ್ದಳೆಂದರೆ ಊರು ಆಡಿಕೊಳ್ಳುತ್ತದೆ, ಮಗ ಹೊರಗೆ ಹಾಕಿದ ಎನ್ನುತ್ತದೆ. ಹುಲಿಗೆವ್ವ ಸೆರಗು ಬಿಗಿದು ಚಾಪೆಯ ಮೇಲೆ ಕೂತಳು. ನನ್ನ ಫೋನು ಇಸಿದುಕೊಂಡು ಮಗನಿಗೆ ಹಚ್ಚಿಸಿದಳು. ‘ನಾನು ಬೀಗರ ಮನ್ಯಾಗ ಕುಂತೀನಿ. ನೀ ಬರೂತನಕ ಏಳೂದಿಲ್ಲ. ನಾಳಿನೂ ಇಲ್ಲೇ, ನಾಡ್ದನೂ ಇಲ್ಲೇ’ ಎಂದಳು. ಇಡೀ ಓಣಿಗೆ ಕೇಳಿತು. ಅದೇ ಅವಳಿಗೆ ಬೇಕಾಗಿತ್ತು.

ಇಳಿಹೊತ್ತಿಗೆ ಯಮನೂರಪ್ಪ ಯಾರದೋ ಮೋಟಾರು ಸೈಕಲ್ಲಿನಲ್ಲಿ ಬಂದ. ಮೈಮೇಲೆ ಇನ್ನೂ ತೌಡಿನ ದೂಳು. ಅಷ್ಟೊತ್ತಿಗೆ ಅಕ್ಕಪಕ್ಕದವರೆಲ್ಲ ಏನೋ ಕೆಲಸವಿದ್ದಂತೆ ಅಂಗಳದಲ್ಲಿ ಸೇರಿದ್ದರು. ಅವನು ಚಪ್ಪಲಿ ಬಿಟ್ಟು ನಿಂತ. ತಾಯಿಯ ಮುಖ ನೋಡಿದ, ನನ್ನ ಮುಖ ನೋಡಿದ. ಕಡೆಗೆ ಹೆಂಡತಿಯ ಕಡೆ ತಿರುಗಿ, ಎಲ್ಲರಿಗೂ ಕೇಳುವಂತೆ, ತಪ್ಪಾತು, ಡಾಕ್ಟ್ರು ಹಂಗಂದ್ರು, ನಾ ನಂಬಿದೆ, ಈಗ ಖರೆ ಗೊತ್ತಾತು, ಮನಿಗೆ ನಡಿ ಎಂದ.

ರೇಣವ್ವ ಕೂಸಿನ ಬಟ್ಟೆಗಳನ್ನು ಚೀಲಕ್ಕೆ ತುಂಬಿ ಆಗಿತ್ತು. ಚೀಲ ಹೆಗಲಿಗೇರಿಸಿ, ಕೂಸನ್ನು ಎತ್ತಿಕೊಂಡು ಅವನ ಮುಂದೆ ಬಂದು ನಿಂತಳು.

‘ಅತ್ತಿ ಬದುಕಿ ಬಂದು ಇಲ್ಲಿ ಕುಂತ್ರು, ಅದಕ ನೀವು ಬಂದ್ರಿ’ ಎಂದಳು. ‘ಸತ್ತು ಹೋಗಿದ್ರ?’

ಉತ್ತರಕ್ಕೆ ಕಾಯದೆ ಅತ್ತೆಯ ಕೈ ಹಿಡಿದು ಎಬ್ಬಿಸಿಕೊಂಡು ಬಸ್ಸಿನ ದಾರಿ ಹಿಡಿದಳು.